ಊಟದ ಬೆಲ್‌ಗೆ ಮುಂಚಿನ 40 ನಿಮಿಷ: ಹೊಸ ಶಿಕ್ಷಕಿಯ ಆರನೇ ತರಗತಿ, ಒಂದು ಪ್ರಕರಣ ಅಧ್ಯಯನ

ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, ಆರನೇ ತರಗತಿ, ನಾಲ್ಕನೇ ಪೀರಿಯಡ್, ಗಣಿತ. ಹಾಜರಿಯಲ್ಲಿ 36 ಮಕ್ಕಳು. ಸಾಲಿಗೆ ಆರರಂತೆ ಎರಡು ಸಾಲು ಬೆಂಚು, ಬೆಂಚಿಗೆ ಮೂವರು. ಗಣಿತ-ವಿಜ್ಞಾನಕ್ಕೆ ಹೊಸದಾಗಿ ನೇಮಕವಾದ ಪದವೀಧರ ಪ್ರಾಥಮಿಕ ಶಿಕ್ಷಕಿ ಜುಲೈ ಕೊನೆಗೆ ಬಂದು ಸೇರಿದ್ದಾರೆ. ಮೂರೇ ವಾರಕ್ಕೆ ಅವರ ಗಂಟಲು ಕಟ್ಟಿದೆ. ಪಕ್ಕದ ಕೋಣೆಯ ಹಿರಿಯ ಮೇಷ್ಟ್ರು ದಿನಕ್ಕೊಂದು ಸಲ ಬಾಗಿಲಲ್ಲಿ ಇಣುಕಿ ಹೋಗುತ್ತಾರೆ. ಅವರು ಇಣುಕಿದಾಗ ತರಗತಿ ತಣ್ಣಗಾಗುತ್ತದೆ, ಹೋದ ಮೇಲೆ ಮೊದಲಿಗಿಂತ ಜೋರಾಗುತ್ತದೆ.

ಇದು ಯಾವುದೋ ಒಂದು ಊರಿನ ಶಾಲೆಯ ದಾಖಲೆಯಲ್ಲ. ಹೊಸ ಶಿಕ್ಷಕರ ಕೋಣೆಗಳಲ್ಲಿ ಮತ್ತೆ ಮತ್ತೆ ಕಾಣುವುದನ್ನು ಒಂದೇ ತರಗತಿಯಾಗಿ ಜೋಡಿಸಿಕೊಂಡಿದೆ. ನಿಮಿಷಗಳ ಲೆಕ್ಕವೂ ಆ ಮಾದರಿಗೆ ಸೇರಿದ್ದು.

ಶಿಕ್ಷಕಿಯ ದೂರು ಸರಳ: "ಮೂರು ಜನ ಹುಡುಗರಿಂದ ಇಡೀ ಕ್ಲಾಸ್ ಹಾಳಾಗ್ತಿದೆ." ಮುಖ್ಯ ಶಿಕ್ಷಕರಿಗೆ ಸಂಖ್ಯೆಯೇ ಕಾರಣವೆನಿಸಿದೆ. ಆದರೆ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 8ನೇ ತರಗತಿಗೆ 35 ಮಕ್ಕಳಿಗೊಬ್ಬ ಶಿಕ್ಷಕರು ಎನ್ನುತ್ತದೆ. ಇಲ್ಲಿರುವುದು ಅದಕ್ಕಿಂತ ಒಂದೇ ಒಂದು ಮಗು ಹೆಚ್ಚು. ಸಂಖ್ಯೆಯ ಮೇಲೆ ಹೊರೆ ಹೊರಿಸಿ ಕೈತೊಳೆದುಕೊಳ್ಳುವ ಹಾಗಿಲ್ಲ.

ಅಷ್ಟರಲ್ಲಿ ಎಲ್ಲರೂ ಮಾಡುವ ಉಪಾಯಗಳನ್ನು ಅವರೂ ಮಾಡಿ ಆಗಿದೆ. ಡಸ್ಟರ್‌ನಿಂದ ಮೇಜು ಬಡಿದದ್ದು, ಹಿಂದಿನ ಬೆಂಚಿನವರನ್ನು ಹೊರಗೆ ನಿಲ್ಲಿಸಿದ್ದು, ಮಾತಾಡಿದವರ ಹೆಸರನ್ನು ಮಾನಿಟರ್ ಕೈಲಿ ಹಲಗೆಯ ಮೂಲೆಯಲ್ಲಿ ಬರೆಸಿದ್ದು. ಮಾನಿಟರ್ ಪಟ್ಟಿಯ ಕಥೆ ಕನ್ನಡ ಶಾಲೆಯಲ್ಲಿ ಓದಿದ ಯಾರಿಗೂ ಹೊಸದಲ್ಲ. ಅದರಲ್ಲಿ ಮಾನಿಟರ್‌ಗೆ ಆಗದವರ ಹೆಸರಿರುತ್ತದೆ, ನೆಲ್ಲಿಕಾಯಿ ಕೊಟ್ಟವರ ಹೆಸರು ಅಳಿಸಿಹೋಗಿರುತ್ತದೆ. ಇನ್ನು ಗೋಡೆಗೆ ಹಚ್ಚಿದ ಡ್ರಾಯಿಂಗ್ ಶೀಟಿನಲ್ಲಿ 14 ನಿಯಮ, ಹದಿನಾಲ್ಕೂ 'ಬಾರದು' ಎಂದೇ ಮುಗಿಯುವಂಥವು.

ಬೆತ್ತದ ಮಾತೂ ಬಂದಿತ್ತು. ಎಸ್‌ಡಿಎಂಸಿ (ಪೋಷಕರೂ ಇರುವ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಸಭೆಯಲ್ಲಿ ಒಬ್ಬ ತಂದೆಯೇ "ಎರಡು ಬಾರಿಸಿ ಮೇಡಂ, ನಾವೇನೂ ಕೇಳಲ್ಲ" ಎಂದಿದ್ದರು. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. ಮೀರಿದವರ ಮೇಲೆ ಸೇವಾ ನಿಯಮದಡಿ ಶಿಸ್ತು ಕ್ರಮ. ಪೋಷಕರು ಒಪ್ಪಿದರೂ ಕಾಯ್ದೆ ಸಡಿಲವಾಗುವುದಿಲ್ಲ. 'ದಡ್ಡ' ಎಂದು ಕರೆಯುವುದು, ಇಡೀ ತರಗತಿಯ ಎದುರು ಮನೆಯ ವಿಷಯ ಎತ್ತಿ ಹಂಗಿಸುವುದು ಇವೂ ಆ ಎರಡನೆಯ ಮಾತಿನೊಳಗೇ ಬರುತ್ತವೆ ಎಂಬುದನ್ನು ಬಹಳ ಶಿಕ್ಷಕರು ಮರೆಯುತ್ತಾರೆ.

ಒಂದು ಪೀರಿಯಡ್‌ನ ಲೆಕ್ಕ

ಮಾಡಬೇಕಾದ ಮೊದಲ ಕೆಲಸ ಸಲಹೆ ಕೊಡುವುದಲ್ಲ, ನೋಡುವುದು. ಶಾಲೆಯ ಇನ್ನೊಬ್ಬ ಶಿಕ್ಷಕಿ ಬಿಡುವಿನ ಪೀರಿಯಡ್‌ನಲ್ಲಿ ಹಿಂದಿನ ಬೆಂಚಿನ ಪಕ್ಕ ಕುರ್ಚಿ ಹಾಕಿಕೊಂಡು, ಗಡಿಯಾರ ನೋಡುತ್ತ, ಯಾವ ನಿಮಿಷದಲ್ಲಿ ಏನು ನಡೆಯಿತು ಎಂದಷ್ಟೇ ಬರೆದುಕೊಂಡರು. ಒಳ್ಳೆಯದು, ಕೆಟ್ಟದ್ದು ಎಂಬ ಷರಾ ಇಲ್ಲ. ಅಂದಿನ ಪಾಠ: ಛೇದ ಬೇರೆ ಬೇರೆ ಇರುವ ಭಿನ್ನರಾಶಿಗಳ ಸಂಕಲನ.

ಶಿಕ್ಷಕಿ ಎಂಟನೇ ತರಗತಿ ಮುಗಿಸಿ ಮೈದಾನದಾಚೆಯ ಕಟ್ಟಡದಿಂದ ಬರುವಷ್ಟರಲ್ಲಿ 3 ನಿಮಿಷ ಕಳೆದಿತ್ತು. ಕೂರಿಸಿ ಸುಮ್ಮನಾಗಿಸಲು 4. ಮನೆಗೆಲಸದ ನೋಟ್‌ಬುಕ್ ಮೇಜಿಗೆ ತರಿಸಲು, ತರದವರನ್ನು ನಿಲ್ಲಿಸಿ ಕೇಳಲು 6. ಹಲಗೆಯ ಮೇಲೆ ವ್ಯಾಖ್ಯಾನ, ನಿಯಮ ಬರೆಯಲು 7. ಅಷ್ಟೂ ಹೊತ್ತು ಬೆನ್ನು ಮಕ್ಕಳ ಕಡೆಗೆ. ಉದಾಹರಣೆ ಲೆಕ್ಕ 6. ಪ್ರಶ್ನೋತ್ತರ 5. ನಡುನಡುವೆ ಪಾಠ ನಿಲ್ಲಿಸಿ ಗದರಿದ್ದೆಲ್ಲ ಸೇರಿ 4. ಉಳಿದದ್ದು 5 ನಿಮಿಷ. ಮಗು ತಾನೇ ಪೆನ್ಸಿಲ್ ಹಿಡಿದು ಲೆಕ್ಕ ಮಾಡಿದ ಹೊತ್ತು ಅಷ್ಟೇ. ಅದರಲ್ಲೂ ಕೊನೆಗೆ ತಟ್ಟೆ ಜೋಡಿಸುವ ಸರದಿಯ ನಾಲ್ವರು ಎದ್ದು ಹೋದರು. ಅಡುಗೆ ಕೋಣೆ ಎರಡೇ ಗೋಡೆಯಾಚೆ, ಸಾರಿನ ಒಗ್ಗರಣೆಯ ವಾಸನೆ ಒಳಗೆ ಬಂದ ಮೇಲೆ ಉಳಿದವರ ಮನಸ್ಸೂ ಅಲ್ಲಿರಲಿಲ್ಲ.

ಆ ಹಾಳೆಯಲ್ಲಿ ಇನ್ನೊಂದು ಸಂಗತಿ ಇತ್ತು. ಗದರಿಕೆ ಬಿದ್ದದ್ದು ಏಳು ಸಲ. ಐದು ಸಲ ಅದು ಬಿದ್ದದ್ದು ನೋಟ್‌ಬುಕ್ ತರಿಸುವಾಗ, ಇಲ್ಲವೆ ಶಿಕ್ಷಕಿ ಹಲಗೆ ಕಡೆ ತಿರುಗಿದ್ದಾಗ. ಬೇಗ ಬರೆಯುವ ಮಕ್ಕಳು 3 ನಿಮಿಷದಲ್ಲಿ ಬರೆದು ಮುಗಿಸಿ ಕೈಕಟ್ಟಿ ಕೂತಿದ್ದರು; ಓದಲು ಬಾರದ ಇಬ್ಬರು ಬರೆಯಲು ಶುರುವೇ ಮಾಡಿರಲಿಲ್ಲ. ಗಲಾಟೆ ಎದ್ದದ್ದು ಈ ಎರಡು ತುದಿಗಳಿಂದ. ಪಾಠ ನಿಜವಾಗಿ ನಡೆಯುತ್ತಿದ್ದ ನಿಮಿಷಗಳಲ್ಲಿ, ಶಿಕ್ಷಕಿ ದೂರಿದ 'ಮೂರು ಜನ ಹುಡುಗರು' ಸೇರಿದಂತೆ, ಕೋಣೆ ಹೆಚ್ಚುಕಡಿಮೆ ಸಮಾಧಾನವಾಗಿತ್ತು.

ಇದು ಹೊಸ ಅರಿವೇನಲ್ಲ. ಅಮೆರಿಕದ ಮನೋವಿಜ್ಞಾನಿ ಜೇಕಬ್ ಕೌನಿನ್ ತರಗತಿಗಳ ವಿಡಿಯೊ ಚಿತ್ರೀಕರಣ ಪರಿಶೀಲಿಸಿ 1970ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಇದೇ ಕಾಣುತ್ತದೆ. ತಪ್ಪು ನಡೆದ ಮೇಲೆ ಹೇಗೆ ಗದರುತ್ತಾರೆ ಎಂಬುದರಲ್ಲಿ, ತರಗತಿ ಚೆನ್ನಾಗಿ ನಡೆಸುವವರಿಗೂ ನಡೆಸಲಾಗದವರಿಗೂ ಹೇಳಿಕೊಳ್ಳುವಂಥ ವ್ಯತ್ಯಾಸವಿರಲಿಲ್ಲ. ವ್ಯತ್ಯಾಸವಿದ್ದದ್ದು ತಪ್ಪು ನಡೆಯುವ ಮುಂಚೆ: ಕೋಣೆಯ ಎಲ್ಲ ಮೂಲೆಗಳ ಮೇಲೆ ಕಣ್ಣಿರುವುದರಲ್ಲಿ, ಒಂದು ಕೆಲಸದಿಂದ ಇನ್ನೊಂದಕ್ಕೆ ತಡವರಿಸದೆ ಸಾಗುವುದರಲ್ಲಿ, ಒಬ್ಬ ಉತ್ತರಿಸುವಾಗ ಉಳಿದವರನ್ನೂ ಕೆಲಸದಲ್ಲಿ ಇಟ್ಟುಕೊಳ್ಳುವುದರಲ್ಲಿ.

ಬಿ.ಇಡಿ.ಯಲ್ಲಿ ಇದನ್ನು ಯಾಕೆ ಕಲಿಯಲಿಲ್ಲ ಎಂದು ಶಿಕ್ಷಕಿಯನ್ನು ಕೇಳುವುದು ಅನ್ಯಾಯ. ಸೂಕ್ಷ್ಮ ಬೋಧನೆಯ, ಅಂದರೆ ಕೆಲವೇ ನಿಮಿಷದ ಪುಟ್ಟ ಪಾಠ ಮಾಡಿ ತೋರಿಸುವ ಅಭ್ಯಾಸದಲ್ಲಿ ಎದುರಿಗೆ ಕೂರುವವರು ಸಹಪಾಠಿಗಳು. ಅವರು ಪಕ್ಕದವನ ರಬ್ಬರ್ ಕದಿಯುವುದಿಲ್ಲ. ಪಾಠಯೋಜನೆಯಲ್ಲಿ ತೊಡಗಿಸಿಕೊಳ್ಳುವಿಕೆ, ಅನ್ವೇಷಣೆ, ವಿವರಣೆ, ವಿಸ್ತರಣೆ, ಮೌಲ್ಯಮಾಪನ ಎಂಬ ಐದು ಹಂತಗಳಿವೆ. 36 ನೋಟ್‌ಬುಕ್ ಮೇಜಿಗೆ ಬರುವುದು ಹೇಗೆ ಎಂಬುದಕ್ಕೆ ಅಲ್ಲಿ ಅಂಕಣವಿಲ್ಲ.

ಮೊದಲ ವಾರ: ಮೊದಲ ಐದು ನಿಮಿಷ ಮಾತ್ರ

ಎಲ್ಲವನ್ನೂ ಒಟ್ಟಿಗೆ ಬದಲಿಸಹೊರಟರೆ ಯಾವುದೂ ನಿಲ್ಲುವುದಿಲ್ಲ. ಆದ್ದರಿಂದ ಮೊದಲ ವಾರ ಕೈಹಾಕಿದ್ದು ಪೀರಿಯಡ್‌ನ ಬಾಯಿಗೆ ಮಾತ್ರ. ಶಿಕ್ಷಕಿ ಮೈದಾನ ದಾಟಿ ಬರುವ 3 ನಿಮಿಷವನ್ನು ತಪ್ಪಿಸಲು ಸಾಧ್ಯವಿಲ್ಲ. ಹಾಗಾದರೆ ಅವರು ಬರುವ ಮೊದಲೇ ಕೆಲಸ ಶುರುವಾಗಬೇಕು. ಬೆಳಿಗ್ಗೆಯೇ ಅವರು ಮಾನಿಟರ್ ಕೈಗೆ ಒಂದು ಚೀಟಿ ಕೊಡುತ್ತಾರೆ. ಅದರಲ್ಲಿ ಮೂರು ಲೆಕ್ಕ. ಮೂರನೇ ಪೀರಿಯಡ್ ಮುಗಿದ ಬೆಲ್‌ಗೆ ಮಾನಿಟರ್ ಅವನ್ನು ಹಲಗೆಯ ಎಡಭಾಗದಲ್ಲಿ ಬರೆಯುತ್ತಾಳೆ. ಹೆಸರು ಬರೆಯುವ ಕೆಲಸ ಅಲ್ಲಿಗೆ ರದ್ದು.

ಮೂರು ಲೆಕ್ಕಗಳಿಗೂ ಒಂದು ಕ್ರಮವಿದೆ. ಮೊದಲನೆಯದು ನಾಲ್ಕನೇ ತರಗತಿ ಮಟ್ಟದ್ದು, ಯಾರೂ ಕೈಚೆಲ್ಲದಂಥದು: 24 ÷ 6. ಎರಡನೆಯದು ನಿನ್ನೆಯ ಪಾಠದ್ದು: 1/2 = ?/6. ಮೂರನೆಯದು ಇಂದಿನ ಪಾಠಕ್ಕೆ ಗಾಳ: 1/2 ದೊಡ್ಡದೋ, 2/5 ದೊಡ್ಡದೋ? ಬಾಗಿಲಿಗೆ ಬಂದ ಶಿಕ್ಷಕಿ ಮಾತಾಡದೆ ಒಳಗೆ ಬಂದು ಬೆಂಚುಗಳ ನಡುವೆ ಒಂದು ಸುತ್ತು ಹಾಕುತ್ತಾರೆ, ಮೊದಲ ಲೆಕ್ಕಕ್ಕೆ ಟಿಕ್ ಹಾಕುತ್ತ. ಅದಕ್ಕಾಗಿ ಬೆಂಚುಗಳನ್ನು ಗೋಡೆಯಿಂದ ಒಂದೂವರೆ ಅಡಿ ಈಚೆ ಎಳೆಯಬೇಕಾಯಿತು. ಅದುವರೆಗೆ ಹಿಂದಿನ ಎರಡು ಬೆಂಚಿನ ಗೋಡೆಬದಿಯ ಮಕ್ಕಳ ಹತ್ತಿರ ಹೋಗಲು ದಾರಿಯೇ ಇರಲಿಲ್ಲ. ಅಲ್ಲಿ ಏನು ನಡೆಯುತ್ತಿದೆ ಎಂದು ಅವರಿಗೆ ತಿಳಿಯುತ್ತಿದ್ದುದು ಸದ್ದಿನಿಂದ ಮಾತ್ರ.

ಮೊದಲ ದಿನ ಲೆಕ್ಕ ಶುರು ಮಾಡಿದವರು ಹತ್ತೋ ಹನ್ನೆರಡೋ ಮಕ್ಕಳು. ಅದು ಸಹಜ. ಹೊಸ ಪದ್ಧತಿಯನ್ನು ಹೇಳಿದರೆ ಸಾಲದು, ಮಾಡಿಸಿ ಅಭ್ಯಾಸ ಮಾಡಿಸಬೇಕು. ಎರಡನೇ ದಿನ ಶಿಕ್ಷಕಿ ಮಕ್ಕಳನ್ನೆಲ್ಲ ಹೊರಗೆ ಕರೆದು ಮತ್ತೆ ಒಳಗೆ ಬರಹೇಳಿದರು: ಒಳಗೆ ಬರುವುದು, ನೋಟ್‌ಬುಕ್ ತೆಗೆಯುವುದು, ತಾರೀಖು ಹಾಕುವುದು, ಒಂದನೇ ಲೆಕ್ಕ. ಎರಡು ಸಲ ಮಾಡಿಸಿದರು. ಸಿಟ್ಟಿನಿಂದ ಮಾಡಿಸಿದರೆ ಇದೇ ಶಿಕ್ಷೆಯಾಗುತ್ತದೆ. ಕ್ರೀಡಾ ದಿನದ ಕವಾಯತಿನಂತೆ ಮಾಡಿಸಿದರೆ ಮಕ್ಕಳಿಗೆ ಆಟ. ಗುರುವಾರದ ಹೊತ್ತಿಗೆ ಮೂವತ್ತರ ಹತ್ತಿರ.

ಇದು ಹಳಿ ತಪ್ಪುವುದು ಮೂರು ಕಡೆ. ಲೆಕ್ಕ ಕೊಟ್ಟು ನೋಡದೆ ಬಿಟ್ಟರೆ ನಾಲ್ಕನೇ ದಿನಕ್ಕೆ ಯಾರೂ ಮಾಡುವುದಿಲ್ಲ. ಮೊದಲ ಲೆಕ್ಕವೇ ಕಠಿಣವಾದರೆ ಯಾರ ಸಲುವಾಗಿ ಇದನ್ನು ಹೂಡಿದ್ದೋ ಆ ಮಕ್ಕಳೇ ಕೈಬಿಡುತ್ತಾರೆ. ಉತ್ಸಾಹದಲ್ಲಿ ಆರು ಲೆಕ್ಕ ಕೊಟ್ಟರೆ ಐದು ನಿಮಿಷದ ಕೆಲಸ ಹದಿನೈದಕ್ಕೆ ಹಿಗ್ಗಿ ಅಸಲು ಪಾಠವನ್ನು ತಿನ್ನುತ್ತದೆ.

ಗೋಡೆಯ 14 ನಿಯಮ ಕೆಳಗಿಳಿದು ಮೂರು ಬಂದವು: ಬೆಲ್ ಆದ ಮೇಲೆ ಹಲಗೆಯ ಲೆಕ್ಕ ಶುರು; ಒಬ್ಬರು ಮಾತಾಡುವಾಗ ಉಳಿದವರು ಕೇಳುವುದು; ತೊಡಕಾದರೆ ಕೈ ಎತ್ತಿ, ಕಾಯುವಾಗ ಮುಂದಿನ ಲೆಕ್ಕ. ಏನು ಮಾಡಬಾರದು ಎಂದು ಹೇಳಿದರೆ ಮಗುವಿಗೆ ಏನು ಮಾಡಬೇಕು ಎಂಬುದು ತಿಳಿಯುವುದಿಲ್ಲ.

ನೋಟ್‌ಬುಕ್, ಹಲಗೆ, ಚಪ್ಪಾಳೆ

36 ನೋಟ್‌ಬುಕ್‌ಗಳನ್ನು ದಿನವೂ ಮೇಜಿಗೆ ತರಿಸುವುದು ನಿಂತಿತು. ದಿನಕ್ಕೆ 9, ನಾಲ್ಕು ದಿನಕ್ಕೆ ಒಂದು ಸುತ್ತು. ಆ ದಿನದ ಸರದಿಯ ಮೂರು ಬೆಂಚಿನವರು ಒಳಗೆ ಬರುವಾಗಲೇ ಮೇಜಿನ ಮೇಲೆ ತೆರೆದಿಡುತ್ತಾರೆ, ಆ ಹೊತ್ತಿನ ಮೂರು ಲೆಕ್ಕವನ್ನು ಸ್ಲೇಟಿನಲ್ಲಿ ಮಾಡುತ್ತಾರೆ. ಉಳಿದವರ ಮನೆಗೆಲಸವನ್ನು ಬೆಂಚಿನ ಬಳಿಯೇ ಕಣ್ಣಾಡಿಸಿ ನೋಡಬಹುದು. ತರದವರನ್ನು ನಿಲ್ಲಿಸಿ ವಿಚಾರಿಸುವುದು ಊಟದ ಬಿಡುವಿಗೆ ಹೋಯಿತು. ಒಬ್ಬನ ನೆಪ ಕೇಳಲು 35 ಮಂದಿಯನ್ನು ಕಾಯಿಸುವುದು ಲಾಭದ ವ್ಯವಹಾರವಲ್ಲ.

ಹಲಗೆಯ 7 ನಿಮಿಷದ ವಿಷಯದಲ್ಲಿ ಸ್ವಲ್ಪ ಖಾರವಾಗಿಯೇ ಹೇಳಬೇಕಾಗುತ್ತದೆ. ಸರ್ಕಾರ ಉಚಿತವಾಗಿ ಕೊಟ್ಟ ಪಠ್ಯಪುಸ್ತಕದಲ್ಲಿ ಅಚ್ಚಾಗಿರುವ ವಾಕ್ಯವನ್ನು ಹಲಗೆಗೆ ಬರೆದು, ಅಲ್ಲಿಂದ ಮಕ್ಕಳ ನೋಟ್‌ಬುಕ್‌ಗೆ ಇಳಿಸುವುದು ಬೋಧನೆಯಲ್ಲ. ನೋಟ್ಸ್ ತುಂಬಿದ್ದರೆ ಭೇಟಿಗೆ ಬಂದವರಿಗೆ ಸಮಾಧಾನವಾಗುತ್ತದೆ ಎಂಬುದೇ ಅದರ ಉಪಯೋಗ. ಶಿಕ್ಷಕಿ ವ್ಯಾಖ್ಯಾನಕ್ಕೆ ಪುಟ ಸಂಖ್ಯೆ ಹೇಳಿ ಗೆರೆ ಎಳೆಸಿದರು. ಹಲಗೆಗೆ ಬಂದದ್ದು ಲೆಕ್ಕ ಮಾತ್ರ, ಒಂದೊಂದು ಹೆಜ್ಜೆಯಾಗಿ, ಪಕ್ಕಕ್ಕೆ ತಿರುಗಿ ನಿಂತು, ಒಂದು ಸಲಕ್ಕೆ ಅರ್ಧ ನಿಮಿಷ ಮೀರದಂತೆ.

ಗಮನ ಸೆಳೆಯಲು ಚಪ್ಪಾಳೆಯ ಒಂದು ತಾಳ ಗೊತ್ತುಮಾಡಿದರು: ಶಿಕ್ಷಕಿ ಎರಡು ತಟ್ಟಿದರೆ ಮಕ್ಕಳು ಮೂರು ತಟ್ಟಿ ಕೈ ಕೆಳಗಿಡುವುದು. ಮೊದಲು ಫಲಿಸಿತು, ನಂತರ ಸವೆಯಿತು. ಹಾಳೆ ನೋಡಿದರೆ ಕಾರಣ ಎರಡು. ಪೀರಿಯಡ್‌ಗೆ ಹನ್ನೊಂದು ಸಲ ಬಳಕೆಯಾಗಿತ್ತು. ಮತ್ತು ಮೂರನೇ ತಟ್ಟಿನ ಸದ್ದು ಅಡಗುವ ಮೊದಲೇ ಶಿಕ್ಷಕಿ ಮಾತು ಶುರು ಮಾಡುತ್ತಿದ್ದರು. ಸಂಕೇತದ ಮೇಲೂ ಮಾತಾಡಬಹುದು ಎಂದು ಮಕ್ಕಳಿಗೆ ಕಲಿಸಿದವರು ಅವರೇ. ಪೀರಿಯಡ್‌ಗೆ ನಾಲ್ಕು ಸಲ ಮೀರಬಾರದು, ಕೊನೆಯ ಧ್ವನಿ ನಿಲ್ಲುವವರೆಗೆ ಬಾಯಿ ತೆರೆಯಬಾರದು ಎಂದು ಕಟ್ಟು ಹಾಕಿಕೊಂಡ ಮೇಲೆ ಮತ್ತೆ ಕೆಲಸಕ್ಕೆ ಬಂತು.

"ಅರ್ಥ ಆಯ್ತಾ?" "ಆಯ್ತೂ ಮಿಸ್!"

ಗದ್ದಲ ಇಳಿದ ಮೇಲೆ ಅದರ ಅಡಿಯಲ್ಲಿದ್ದ ಸಮಸ್ಯೆ ಕಾಣಿಸಿತು. 1/2 + 1/3 ಎಷ್ಟು? ಎಲ್ಲರಿಂದಲೂ ಸ್ಲೇಟ್ ಎತ್ತಿಸಿದಾಗ ಇಪ್ಪತ್ತಕ್ಕೂ ಹೆಚ್ಚು ಸ್ಲೇಟುಗಳಲ್ಲಿ 2/5. ಮೇಲಿನದಕ್ಕೆ ಮೇಲಿನದು, ಕೆಳಗಿನದಕ್ಕೆ ಕೆಳಗಿನದು. ಈ ಸ್ಲೇಟುಗಳನ್ನು ಕಿರಿಯ ತರಗತಿಗಳ ಚಟುವಟಿಕೆ ಕಲಿಕೆಯ ನಲಿಕಲಿ ಕೋಣೆಯಿಂದ ಎರವಲು ತಂದದ್ದು. ಅವು ಬರುವ ಮೊದಲು ದಿನವೂ "ಅರ್ಥ ಆಯ್ತಾ?" ಎಂಬುದಕ್ಕೆ ಒಕ್ಕೊರಲ ಉತ್ತರ ಸಿಗುತ್ತಿತ್ತು. ಆ ಒಕ್ಕೊರಲಿನಲ್ಲಿ ಮುಂದಿನ ಬೆಂಚಿನ ಐದಾರು ಮಕ್ಕಳ ಧ್ವನಿಯನ್ನು ಉಳಿದವರು ಹಿಂಬಾಲಿಸುತ್ತಾರೆ. ಯಾರಿಗೆ ಏನು ತಿಳಿದಿದೆ ಎಂಬುದನ್ನು ಅದು ತೋರಿಸುವುದಿಲ್ಲ, ಮುಚ್ಚಿಡುತ್ತದೆ.

2/5 ಎಂಬ ತಪ್ಪನ್ನು 'ತಪ್ಪು' ಎಂದು ಅಳಿಸುವುದಕ್ಕಿಂತ ಅದನ್ನೇ ಬಿಚ್ಚುವುದು ಒಳ್ಳೆಯದು. ಮೊದಲ ಪ್ರಯತ್ನದಲ್ಲಿ ಶಿಕ್ಷಕಿ 12 ಸೆಂ.ಮೀ. ಉದ್ದ, 2 ಸೆಂ.ಮೀ. ಅಗಲದ ಕಾಗದದ ಪಟ್ಟಿ ಕತ್ತರಿಸಿ ತಂದರು. ಒಂದು ಎ4 ಹಾಳೆಗೆ 20 ಪಟ್ಟಿ. ಮಗುವಿಗೆ ಎರಡರಂತೆ 72 ಬೇಕು, ನಾಲ್ಕು ಹಾಳೆ ಸಾಕು. ಹಂಚಲು 5 ನಿಮಿಷ ಹೋಯಿತು, ಫ್ಯಾನ್ ಗಾಳಿಗೆ ಅರ್ಧ ಹಾರಿದವು, ಮೂರು ಸಮಭಾಗಕ್ಕೆ ಮಡಚಲು ಬಹಳ ಮಕ್ಕಳಿಗೆ ಬರಲಿಲ್ಲ. ಮಾರನೇ ದಿನ ಅದೇ ಚಟುವಟಿಕೆ ಚೌಕುಳಿ ನೋಟ್‌ಬುಕ್‌ನಲ್ಲಿ: 12 ಮನೆಯ ಒಂದು ಪಟ್ಟಿ ಬರೆಯಿರಿ. ಅರ್ಧ ಎಂದರೆ 6 ಮನೆ, ಗೆರೆ ತುಂಬಿ. ಮೂರನೇ ಒಂದು ಎಂದರೆ 4 ಮನೆ, ಚುಕ್ಕೆ ಇಡಿ. ಒಟ್ಟು 10; ಹನ್ನೆರಡರಲ್ಲಿ ಹತ್ತು, ಅಂದರೆ 5/6. ಹಂಚುವುದೂ ಇಲ್ಲ, ಹೆಕ್ಕುವುದೂ ಇಲ್ಲ. ತರಗತಿ ಹಿಡಿತಕ್ಕೆ ಬಾರದ ಹೊತ್ತಿನಲ್ಲಿ, ಹಂಚಬೇಕಾದ ಸಾಮಗ್ರಿ ಕಡಿಮೆ ಇದ್ದಷ್ಟೂ ಮೇಲು. ಬೋಧನೋಪಕರಣದ ಹುಮ್ಮಸ್ಸಿನಲ್ಲಿ ಹೊಸಬರು ಇದನ್ನು ಕಡೆಗಣಿಸುತ್ತಾರೆ.

ಆಮೇಲೆ ಬೆಳಗಿನ ಮೂರನೇ ಲೆಕ್ಕಕ್ಕೆ ಮರಳಿದರು: 2/5 ಅರ್ಧಕ್ಕಿಂತ ಚಿಕ್ಕದು ಎಂದು ನೀವೇ ಬರೆದಿದ್ದೀರಿ. ಅರ್ಧಕ್ಕೆ ಇನ್ನಷ್ಟು ಕೂಡಿಸಿದ ಮೇಲೆ ಅರ್ಧಕ್ಕಿಂತ ಕಡಿಮೆ ಬಂತೇ? ಛೇದವನ್ನು ಸಮ ಮಾಡಿಕೊಳ್ಳುವುದು ಯಾಕೆ ಬೇಕು ಎಂಬುದು ಲ.ಸಾ.ಅ.ದ (ಲಘುತಮ ಸಾಮಾನ್ಯ ಅಪವರ್ತ್ಯದ) ನಿಯಮಕ್ಕಿಂತ ಮೊದಲು ತಲೆಗೆ ಹೋದದ್ದು ಅಲ್ಲಿ.

ಪ್ರಶ್ನೆ ಕೇಳುವ ಕ್ರಮವೂ ಬದಲಾಯಿತು. ಹೆಸರು ಮೊದಲು ಕರೆದು ಆಮೇಲೆ ಪ್ರಶ್ನೆ ಕೇಳಿದರೆ 35 ಮಕ್ಕಳಿಗೆ ಯೋಚಿಸುವ ಕೆಲಸ ತಪ್ಪಿತು. ಪ್ರಶ್ನೆ ಮೊದಲು, ನಂತರ ಮೌನ, ಕೊನೆಗೆ ಹೆಸರು. ಮೌನ ಎಷ್ಟು? ಪ್ರಶ್ನೆ ಕೇಳಿದ ಶಿಕ್ಷಕರು ಸಾಮಾನ್ಯವಾಗಿ ಒಂದು ಸೆಕೆಂಡಷ್ಟೇ ಕಾಯುತ್ತಾರೆ ಎಂದು ಮೇರಿ ಬಡ್ ರೋ ಅವರು 1970ರ ದಶಕದಲ್ಲಿ ಪ್ರಕಟಿಸಿದ ಸಂಶೋಧನೆ ತೋರಿಸಿತ್ತು. ಅದನ್ನು 3 ಸೆಕೆಂಡ್ ಅಥವಾ ಹೆಚ್ಚು ಮಾಡಿದಾಗ ಉತ್ತರಗಳು ಉದ್ದವಾದವು, ಉತ್ತರವೇ ಕೊಡದಿರುವುದು ಕಡಿಮೆಯಾಯಿತು. ಮೂರು ಸೆಕೆಂಡ್ ಎಂಬುದು ಕೇಳಲು ಸಣ್ಣದು. ಗದ್ದಲಕ್ಕೆ ಹೆದರಿದ ಶಿಕ್ಷಕಿಗೆ ಅದು ಯುಗ. ಮನಸ್ಸಿನಲ್ಲೇ ಪ್ರಶ್ನೆಯನ್ನು ಇನ್ನೊಮ್ಮೆ ಓದಿಕೊಳ್ಳುವುದು ಅದಕ್ಕೆ ಸುಲಭದ ಅಳತೆ. ನಾಚುವ ಮಕ್ಕಳಿಗೆ ಪಕ್ಕದವರೊಂದಿಗೆ ಅರ್ಧ ನಿಮಿಷ ಮಾತಾಡಿಸಿ, ಆಮೇಲೆ "ನೀವಿಬ್ಬರೂ ಏನಂದುಕೊಂಡ್ರಿ?" ಎಂದು ಕೇಳುವುದು ಚೆನ್ನಾಗಿ ನಡೆಯಿತು.

ಹಿಂದಿನ ಬೆಂಚಿನ ಹುಡುಗ

ಇಷ್ಟಾದ ಮೇಲೆ 'ಮೂರು ಜನ' ಒಬ್ಬನಾದರು. ಈ ಹುಡುಗ ಪಾಠ ನಡೆಯುವಾಗ ಸುಮ್ಮನಿರುತ್ತಿದ್ದ, ಲೆಕ್ಕ ಕೊಟ್ಟ ಕೂಡಲೇ ನೀರು ಕುಡಿಯಬೇಕು, ಪೆನ್ಸಿಲ್ ಮುರಿದಿದೆ, ಇವನು ಹೊಡೆದ. ಹಿಂದಿನ ತರಗತಿಗಳ ಕಲಿಕೆಯಲ್ಲಿ ಉಳಿದ ಕೊರತೆ ಗುರುತಿಸುವ, ಜೂನ್‌ನ ಸೇತುಬಂಧದ ನೈದಾನಿಕ ಪರೀಕ್ಷೆಯ ಹಾಳೆಗಳು ತರಗತಿ ಶಿಕ್ಷಕರ ಬೀರುವಿನಲ್ಲಿದ್ದವು. ಆಗಿನ್ನೂ ಕೆಲಸಕ್ಕೆ ಸೇರಿರದ ಶಿಕ್ಷಕಿ ಅವನ್ನು ನೋಡಿರಲಿಲ್ಲ. ತೆಗೆದು ನೋಡಿದರೆ ಅವನಿಗೆ 5ರ ಮೇಲಿನ ಮಗ್ಗಿ ಬಾರದು. ಮಗ್ಗಿ ಇಲ್ಲದೆ ಲ.ಸಾ.ಅ. ಇಲ್ಲ, ಲ.ಸಾ.ಅ. ಇಲ್ಲದೆ ಛೇದ ಸಮವಾಗದು. ಗೊತ್ತಿಲ್ಲ ಎಂದು ಒಪ್ಪಿಕೊಳ್ಳುವುದಕ್ಕಿಂತ ತುಂಟ ಎನಿಸಿಕೊಳ್ಳುವುದು ಹನ್ನೊಂದು ವರ್ಷದ ಹುಡುಗನಿಗೆ ಗೌರವದ ದಾರಿ.

ಊಟದ ನಂತರ ಎರಡು ನಿಮಿಷದ ಮಾತು. "ಯಾಕೆ ಗಲಾಟೆ ಮಾಡ್ತೀಯ?" ಎಂದು ಕೇಳಲಿಲ್ಲ, ಅದಕ್ಕೆ ಮಗುವಿನ ಬಳಿ ಉತ್ತರವಿರುವುದಿಲ್ಲ, ತಲೆತಗ್ಗಿಸುತ್ತದೆ. "ನಿನ್ನೆ ಎರಡನೇ ಲೆಕ್ಕ ಅರ್ಧಕ್ಕೆ ನಿಂತಿದೆಯಲ್ಲಪ್ಪಾ, ಎಲ್ಲಿ ತೊಡಕಾಯ್ತು?" ಎಂದರು. ನೋಟ್‌ಬುಕ್‌ನ ಒಳರಟ್ಟಿಗೆ 10ರವರೆಗಿನ ಮಗ್ಗಿ ಪಟ್ಟಿ ಅಂಟಿಸಿಕೊಟ್ಟರು, ಲೆಕ್ಕ ಮಾಡುವಾಗ ನೋಡಿಕೊಳ್ಳಲು ಒಪ್ಪಿಗೆ ಸಹಿತ. ಜಾಗ ಬದಲಾಯಿಸಬೇಕಿತ್ತು, ಆದರೆ ಅವನೊಬ್ಬನನ್ನೇ ಮುಂದೆ ಕರೆದರೆ ಅದು ಶಿಕ್ಷೆ. ಸೋಮವಾರ ಇಡೀ ತರಗತಿಯೇ ಬೆಂಚು ಬದಲಿಸುವ ಪದ್ಧತಿ ತಂದು ಅವನನ್ನು ಎರಡನೇ ಬೆಂಚಿನ ದಾರಿಬದಿಗೆ ಬರುವಂತೆ ಮಾಡಿದರು.

ಒಂದು ವಾರದ ನಂತರ ಅವನು ಮೂರೂ ಲೆಕ್ಕ ಸರಿ ಮಾಡಿದಾಗ ಶಿಕ್ಷಕಿ ಎಲ್ಲರಿಂದ ಚಪ್ಪಾಳೆ ಹೊಡೆಸಿದರು. ಊಟದ ಸಾಲಿನಲ್ಲಿ ಗೆಳೆಯರು "ಮಿಸ್ ಚೇಲಾ" ಎಂದು ರೇಗಿಸಿದರು. ಮಾರನೇ ದಿನ ಅವನು ಲೆಕ್ಕ ಮುಟ್ಟಲಿಲ್ಲ. ಅಲ್ಲಿಂದ ಮುಂದೆ ಹೊಗಳಿಕೆ ಬೆಂಚಿನ ಬಳಿ, ಮೆಲುದನಿಯಲ್ಲಿ, ಕೆಲಸದ ಹೆಸರು ಹೇಳಿ: "ಛೇದ ಸಮ ಮಾಡ್ಕೊಂಡು ಕೂಡಿಸಿದೀಯ, ಅದಕ್ಕೇ ಸರಿ ಬಂತು." ಬರೀ 'ವೆರಿಗುಡ್'ನಿಂದ ಮಗುವಿಗೆ ಮುಂದಿನ ಸಲ ಏನು ಮಾಡಬೇಕೆಂದು ತಿಳಿಯುವುದಿಲ್ಲ. ಸುಮ್ಮನೆ ಕೂತವರಿಗೆ ಗೋಡೆಪಟ್ಟಿಯಲ್ಲಿ ನಕ್ಷತ್ರ ಅಂಟಿಸುವ ಸಹೋದ್ಯೋಗಿಯ ಸಲಹೆಯೂ ಪ್ರಯೋಗವಾಗಿತ್ತು. ನಕ್ಷತ್ರಗಳೆಲ್ಲ ಅದೇ ಏಳೆಂಟು ಮಕ್ಕಳ ಸಾಲಿನಲ್ಲಿ ತುಂಬಿದಾಗ ಪಟ್ಟಿ ತೆಗೆದುಹಾಕಿದರು.

ಸಣ್ಣಪುಟ್ಟ ಅಡ್ಡಿಗೆ ಪಾಠ ನಿಲ್ಲಿಸುವುದಿಲ್ಲ: ಮಾತು ಮುಂದುವರಿಸುತ್ತಲೇ ಹತ್ತಿರ ಹೋಗಿ ನಿಲ್ಲುವುದು, ಸಾಲದಿದ್ದರೆ ನೋಟ್‌ಬುಕ್ ಮೇಲೆ ಬೆರಳಿಟ್ಟು ತೋರಿಸುವುದು, ಆಮೇಲೆ ಹೆಸರು ಮತ್ತು ಮಾಡಬೇಕಾದ ಕೆಲಸ ಮೆಲ್ಲಗೆ, ಕೊನೆಗೆ ಪೀರಿಯಡ್ ಮುಗಿದ ಮೇಲೆ ಮಾತು. ಹೊಡೆದಾಟ, ಇನ್ನೊಂದು ಮಗುವಿನ ಜಾತಿ-ದೇಹ ಎತ್ತಿ ಆಡಿಕೊಳ್ಳುವುದು ಈ ಮೆಟ್ಟಿಲುಗಳಿಗೆ ಸೇರಿದ್ದಲ್ಲ. ಅಲ್ಲಿ ತಕ್ಷಣ ನಿಲ್ಲಿಸಿ, ಬೇರ್ಪಡಿಸಿ, ಮುಖ್ಯ ಶಿಕ್ಷಕರಿಗೆ ತಿಳಿಸಬೇಕು.

ಆರನೇ ವಾರದ ಹಾಳೆ

ಅದೇ ಶಿಕ್ಷಕಿ ಅದೇ ಕುರ್ಚಿಯಲ್ಲಿ ಕೂತು ಮತ್ತೆ ಬರೆದುಕೊಂಡರು. ಹಲಗೆಯ ಮೂರು ಲೆಕ್ಕ 6 ನಿಮಿಷ, ಸ್ಲೇಟಿನಲ್ಲಿ ಪರಿಶೀಲನೆ 4, ವಿವರಣೆ 8, ಜೋಡಿ ಮಾತು ಮತ್ತು ಪ್ರಶ್ನೆ 6, ನೋಟ್‌ಬುಕ್‌ನಲ್ಲಿ ಸ್ವಂತ ಕೆಲಸ 11, ಹೊರಡುವ ಮುನ್ನ ಚೀಟಿಯಲ್ಲಿ ಒಂದು ಲೆಕ್ಕ 3, ಒಂದರಿಂದ ಇನ್ನೊಂದಕ್ಕೆ ಸರಿಯಲು ಒಟ್ಟು 2. ಮಕ್ಕಳ ಕೈಯಲ್ಲಿ ಪೆನ್ಸಿಲ್ ಇದ್ದ ಹೊತ್ತು 5ರಿಂದ 20 ನಿಮಿಷಕ್ಕೆ ಏರಿತ್ತು. ಕೋಣೆ ನಿಶ್ಶಬ್ದವಾಗಿರಲಿಲ್ಲ. ಜೋಡಿ ಮಾತಿನ ಸದ್ದು ಪಕ್ಕದ ಕೋಣೆಗೆ ಈಗಲೂ ಕೇಳುತ್ತದೆ, ಹಿರಿಯ ಮೇಷ್ಟ್ರು ಈಗಲೂ ಇಣುಕುತ್ತಾರೆ. ಕೊನೆಯ ಚೀಟಿಗಳಲ್ಲಿ ಏಳು ಮಕ್ಕಳ ಉತ್ತರ ಇನ್ನೂ 2/5 ಜಾತಿಯದೇ. ಅವರಿಗೆ ವಾರಕ್ಕೆ ಎರಡು ದಿನ ಕೊನೆಯ ಪೀರಿಯಡ್‌ನಲ್ಲಿ ಪರಿಹಾರ ಬೋಧನೆ ಶುರುವಾಗಿದೆ.

ತಟ್ಟೆ ಜೋಡಿಸುವ ಸರದಿ ಮಾತ್ರ ಬಗೆಹರಿದಿಲ್ಲ. ಆ ನಾಲ್ವರು ಈಗಲೂ ಐದು ನಿಮಿಷ ಮುಂಚೆ ಏಳುತ್ತಾರೆ, ಅವರ ಚೀಟಿ ಖಾಲಿ ಉಳಿಯುತ್ತದೆ. ಗಣಿತವನ್ನು ಎರಡನೇ ಪೀರಿಯಡ್‌ಗೆ ತರಬೇಕೆಂದರೆ ಎಂಟನೇ ತರಗತಿಯ ವಿಜ್ಞಾನ ಸರಿಯಬೇಕು, ಅದು ಸರಿದರೆ ಇಂಗ್ಲಿಷ್ ಸರಿಯಬೇಕು. ದಸರಾ ರಜೆಯ ನಂತರ ವೇಳಾಪಟ್ಟಿ ಕೂರಿಸುವಾಗ ನೋಡೋಣ ಎಂದು ಮುಖ್ಯ ಶಿಕ್ಷಕರು ಹೇಳಿದ್ದಾರೆ. ಅಲ್ಲಿಯವರೆಗೆ ಆ ದಿನದ ಸರದಿಯವರಿಗೆ ಕೊನೆಯ ಚೀಟಿಯ ಬದಲು ಮೊದಲ ಆರು ನಿಮಿಷದಲ್ಲೇ ನಾಲ್ಕನೆಯ ಲೆಕ್ಕವೊಂದು.